ಕಾಪುವಿನ ಪೆಟ್ರೋಲಿಗೆ ಹೊಂದಿಸಿದ ಎಂಜಿನ್

ನಮ್ಮ ಲಾರಿಯ ಎಂಜಿನ್ ಏರಿನಲ್ಲಿ ಕಟಕಟಿಸುವುದನ್ನು ಮೊದಲು ಎಲ್ಲಿ ಕೇಳಿದೆ ಎಂದರೆ, ಬೆಳ್ಮಣ್ ದಾಟಿದ ಮೇಲಿನ ತಿರುವಿನಲ್ಲಿ ಎಂದು ಹೇಳುತ್ತೇನೆ. ಮಾವನ ಪಕ್ಕದ ಸೀಟಿನಲ್ಲಿ ಕುಳಿತಿದ್ದೆ, ಹಿಂದೆ ಬಂಗುಡೆಯ ಬುಟ್ಟಿಗಳಿದ್ದವು, ಕಾಲಡಿಯ ತಗಡು ಚಪ್ಪಲಿಯ ಮೂಲಕವೂ ಸುಡುತ್ತಿತ್ತು. ಮಾವ ಗೇರು ಇಳಿಸಿದ ಕೂಡಲೇ ಸದ್ದು ಶುರುವಾಯಿತು. ಇಷ್ಟೂ ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತದೆ. ನನ್ನ ತಂಗಿ ಮಾತ್ರ ಇದನ್ನು ಒಪ್ಪುವುದಿಲ್ಲ. ಸದ್ದು ಶುರುವಾದಾಗ ನೀನು ಇನ್ನೂ ಮೈಸೂರಿನಲ್ಲಿ ಓದುತ್ತಿದ್ದೆ, ಅಮ್ಮ ಹೇಳಿದ ಸುದ್ದಿಗೆ ನೀನು ಸೀಟು, ತಿರುವು, ಬಂಗುಡೆ ಎಲ್ಲ ಸೇರಿಸಿಕೊಂಡಿದ್ದಿ ಎನ್ನುತ್ತಾಳೆ.

ಅವಳು ಹೇಳುವುದೇ ಸರಿಯಿರಬಹುದು. ಭೌತಶಾಸ್ತ್ರ ಕಲಿಸುವವನಾಗಿ, ಯಾವ ಅಳತೆಯನ್ನೂ ಅದರ ತಪ್ಪಿನ ಅಂದಾಜಿಲ್ಲದೆ ಬರೆಯಬೇಡಿ ಎಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ನನ್ನ ನೆನಪಿಗೆ ಅಂಥ ಅಂದಾಜು ಹಾಕುವ ಸಾಧನ ಮಾತ್ರ ನನಗೆ ಸಿಕ್ಕಿಲ್ಲ. ಆದ್ದರಿಂದ ಈ ಬರಹದಲ್ಲಿ ಯಾರು ಯಾವಾಗ ಎಲ್ಲಿದ್ದರು ಎಂಬ ಬಗ್ಗೆ ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ಎಂಜಿನ್ನಿನ ವಿಷಯದಲ್ಲಿ ನಂಬಬಹುದು.

ಅದು ಯುದ್ಧಕಾಲದ ಮಿಲಿಟರಿ ಲಾರಿ. ಸೈನ್ಯ ಹರಾಜಿನಲ್ಲಿ ಮಾರಿದ ಇಂಥ ಲಾರಿಗಳನ್ನು ಡಿಸ್ಪೋಸಲ್ ಲಾರಿ ಎಂದು ಕರೆಯುತ್ತಿದ್ದರು. ಪೆಟ್ರೋಲಿನಲ್ಲಿ ಓಡುವ ಎಂಜಿನ್. ಎಪ್ಪತ್ತರ ದಶಕದ ನಡುವಿಗೆ ಬರುವಾಗ ಕರಾವಳಿಯ ರಸ್ತೆಗಳಲ್ಲಿ ಡೀಸೆಲ್ ಲಾರಿಗಳೇ ತುಂಬಿದ್ದವು. ನಮ್ಮದು ಮೂತಿ ಮುಂದೆ ಚಾಚಿಕೊಂಡು ಅವುಗಳ ನಡುವೆ ಓಡಾಡುತ್ತಿತ್ತು. ಕಾಪುವಿನ ಕಡಲಕರೆಯಲ್ಲಿ ಮೀನು ತುಂಬಿ, ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿ, ಬೆಳ್ಮಣ್ ಮೇಲೆ ಕಾರ್ಕಳದ ಮಾರ್ಕೆಟಿಗೆ ಮುಟ್ಟಿಸುವುದು ಅದರ ದಿನದ ಕೆಲಸ.

ನಮ್ಮದು ತಲೆಮಾರುಗಳಿಂದ ದೋಣಿ ಬಲೆಗಳ ಮನೆ. ನಮ್ಮಲ್ಲಿ ಮನೆ, ಸೊತ್ತು ಎಲ್ಲ ತಾಯಿಯ ಕಡೆಯಿಂದ ಇಳಿದು ಬರುವುದು. ಹಾಗಾಗಿ ಲಾರಿ ಅಮ್ಮನದು, ಓಡಿಸುವುದು ಅಮ್ಮನ ತಮ್ಮ, ಅಂದರೆ ನನ್ನ ಮಾವ. ಮಾವನಿಗೆ ಕಡಲು ಆಗುತ್ತಿರಲಿಲ್ಲ. ದೋಣಿ ಮೊದಲ ಅಲೆ ದಾಟುವ ಮೊದಲೇ ಅವರಿಗೆ ವಾಂತಿ ಶುರುವಾಗುತ್ತಿತ್ತು. ಹುಡುಗನಾಗಿದ್ದಾಗ ಒತ್ತಾಯದಿಂದ ಕರೆದುಕೊಂಡು ಹೋದವರು ಕೊನೆಗೆ ಅವರನ್ನು ದಡದಲ್ಲೇ ಬಿಟ್ಟರು. "ಅವನು ಮೀನು ಹಿಡಿಯುವವನಲ್ಲ, ಮೀನಿಗೆ ಊಟ ಹಾಕುವವನು" ಎಂದು ಕೇರಿಯವರು ತಮಾಷೆ ಮಾಡುತ್ತಿದ್ದರಂತೆ. ಲಾರಿ ಬಂದ ಮೇಲೆ ಆ ತಮಾಷೆ ನಿಂತಿತು. ಮಾವ ಹಾರನ್ ಹೊಡೆದರೆ ದಡದಲ್ಲಿ ಕೆಲಸ ಚುರುಕಾಗುತ್ತಿತ್ತು. ದೋಣಿ ನಡೆಸುವ ತಂಡೇಲರೂ ಅವರ ಹತ್ತಿರ ಬಂದು, "ಇನ್ನು ಸ್ವಲ್ಪ ನಿಲ್ಲಿಸು ಮಾರಾಯ, ನಮ್ಮದು ಎರಡು ಬುಟ್ಟಿ ಉಂಟು" ಎಂದು ಕೇಳುತ್ತಿದ್ದರು. ಕಡಲಿನವರ ಮನೆಯಲ್ಲಿ ಕಡಲಿಗೆ ಇಳಿಯಲಾರದ ಒಬ್ಬ ಗಂಡಸಿಗೆ ನಿಲ್ಲಲು ಜಾಗ ಕೊಟ್ಟದ್ದು ಆ ಲಾರಿ.

ಸದ್ದು ಶುರುವಾದ ವರ್ಷವೇ ಒಂದು ಪಿಸ್ಟನ್ನಿನ ತಲೆ ತೂತಾಯಿತು. ಲಾರಿ ರಸ್ತೆ ಬದಿಯಲ್ಲಿ ನಿಂತು, ಒಂದು ಲೋಡು ಮೀನು ಹಾಳಾಯಿತು. ಅದನ್ನು ಕೊಳ್ಳಬೇಕಿದ್ದ ಕಾರ್ಕಳದ ವ್ಯಾಪಾರಿ ಒಳ್ಳೆಯವರು, ಆ ಸಲ ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ಮಲ್ಪೆಯಿಂದ ಡೀಸೆಲ್ ಲಾರಿ ಗೊತ್ತುಮಾಡುತ್ತೇನೆ ಎಂದು ಮಾತ್ರ ಹೇಳಿ ಕಳಿಸಿದರು. ಅಮ್ಮ ಎಂಜಿನ್ ರಿಪೇರಿಗೆ ಒಪ್ಪಿದಳು, ಆದರೆ ಊಟಕ್ಕೆ ಬಡಿಸುತ್ತಲೇ ಮಾವನಿಗೆ ತೀರ್ಪು ಕೊಟ್ಟಳು.

"ಇನ್ನೊಂದು ಪಿಸ್ಟನ್ ಹೋದರೆ ಲಾರಿ ಗುಜರಿಗೆ. ಆಮೇಲೆ ನೀನು ಉಂಟು, ದೋಣಿ ಉಂಟು."

"ದೋಣಿಗೆ ಹತ್ತಿಸುವ ಬದಲು ನನ್ನನ್ನೂ ಗುಜರಿಗೇ ಹಾಕು ಅಕ್ಕ" ಎಂದರು ಮಾವ.

"ನಿನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ಅದರಲ್ಲಿ ಕಬ್ಬಿಣವಾದರೂ ಉಂಟು."

ಎಲ್ಲರೂ ನಕ್ಕರು. ಅಮ್ಮನ ಮಾತು ತಮಾಷೆಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಊಟದಲ್ಲಿ ನಾನು ಇದ್ದೆ, ಅದನ್ನು ತಂಗಿಯೂ ಒಪ್ಪುತ್ತಾಳೆ. ಆಗಷ್ಟೇ ನನಗೆ ಮಣಿಪಾಲದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಅಲ್ಲೇ ಒಂದು ಕೋಣೆ ಹಿಡಿದಿದ್ದೆ, ವಾರಕ್ಕೊಮ್ಮೆ ಕಾಪುವಿಗೆ ಬರುತ್ತಿದ್ದೆ.

ಮಾವನಿಗೆ ಉಪಾಯ ಮೊದಲೇ ಹೊಳೆದಿತ್ತು. ಉಡುಪಿಯ ಬಂಕಿನಲ್ಲಿ ಎರಡು ಬಗೆಯ ಪೆಟ್ರೋಲು ಸಿಗುತ್ತಿತ್ತು, ಸಾದಾ ಮತ್ತು ಸೂಪರ್. ಸೂಪರಿಗೆ ಬೆಲೆ ಹೆಚ್ಚು, ಅದು ಕಾರುಗಳ ಪೆಟ್ರೋಲು. ಕಾಪುವಿನ ಬಂಕಿನಲ್ಲಿ ಸಾದಾ ಮಾತ್ರ. ಲಾರಿಗೆ ವಯಸ್ಸಾಗಿದೆ, ಬಲ ಕಡಿಮೆಯಾಗಿದೆ, ಸೂಪರ್ ಕುಡಿಸಿದರೆ ಬಲ ಬರುತ್ತದೆ ಎಂಬುದು ಮಾವನ ಸಿದ್ಧಾಂತ. ಬಾಣಂತಿಗೆ ಲೇಹ ಕೊಟ್ಟ ಹಾಗೆ.

ಇದು ತಪ್ಪು ಎಂದು ನಾನು ಹೇಳಿದೆ. ಸೂಪರಿನಲ್ಲಿ ಹೆಚ್ಚು ಇರುವುದು ಆಕ್ಟೇನ್, ಮತ್ತು ಆಕ್ಟೇನ್ ಬಲದ ಅಳತೆಯಲ್ಲ. ಎಂಜಿನ್ನಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಒತ್ತಿದಾಗ ಅದು ಕಾಯುತ್ತದೆ. ಕಿಡಿ ಹೊತ್ತಿಸಿದ ಜ್ವಾಲೆ ಪೂರ್ತಿ ಹರಡುವವರೆಗೆ ಉಳಿದ ಮಿಶ್ರಣ ತಾಳಿಕೊಂಡಿರಬೇಕು. ತಾಳದೆ ಒಮ್ಮೆಲೇ ತಾನಾಗಿ ಸಿಡಿದರೆ ಅದೇ ಆ ಕಟಕಟ. ಹಾಗೆ ಸಿಡಿಯುತ್ತಲೇ ಇದ್ದರೆ ಪಿಸ್ಟನ್ ಸುಟ್ಟು ತೂತಾಗುತ್ತದೆ. ಎಷ್ಟು ಒತ್ತುವವರೆಗೆ ತಾಳುತ್ತದೆ ಎಂಬುದಕ್ಕೆ ಕೊಟ್ಟ ಸಂಖ್ಯೆ ಆಕ್ಟೇನ್. ಕಡಿಮೆ ಒತ್ತುವ ಎಂಜಿನ್ನಿಗೆ ಸಾದಾ ಸಾಕು, ಸೂಪರ್ ಹಾಕಿದರೆ ಒಂದು ಗುಲಗಂಜಿಯಷ್ಟೂ ಬಲ ಹೆಚ್ಚುವುದಿಲ್ಲ. ಹಳೆಯ ಮಿಲಿಟರಿ ಲಾರಿಗಳ ಎಂಜಿನ್ ಕಡಿಮೆ ಒತ್ತುವ ಜಾತಿಯದು. ಯುದ್ಧದಲ್ಲಿ ಎಲ್ಲಿ ಎಂಥ ಪೆಟ್ರೋಲು ಸಿಗುತ್ತದೋ ಗೊತ್ತಿಲ್ಲವಲ್ಲ. ಆದ್ದರಿಂದ ನಮ್ಮ ಲಾರಿಗೆ ಸೂಪರ್ ಬೇಡವೇ ಬೇಡ.

"ನೀನು ಎಲ್ಲ ಹೇಳಿದೆ ಅಳಿಯ" ಎಂದರು ಮಾವ, "ಮತ್ತೆ ಸದ್ದು ಯಾಕೆ ಬರುವುದು?"

ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ, ಸುಮ್ಮನೆ ಕೂರುವುದು ಕಷ್ಟ. ಪರೀಕ್ಷೆ ಮಾಡುವ ಎಂದೆ.

ಆ ದಿನಗಳಲ್ಲಿ ಮಣಿಪಾಲದಲ್ಲಿ ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿದ್ದವು. ಮೀನಿಲ್ಲದ ದಿನ ಮಾವ ಅಲ್ಲಿಗೆ ಲಾರಿಯಲ್ಲಿ ಕಟ್ಟಡದ ಕೆಂಪು ಮುರಕಲ್ಲು ಸಾಗಿಸುತ್ತಿದ್ದರು. ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವ ಏರು ಇಂಥ ಪರೀಕ್ಷೆಗೆ ಹೇಳಿಮಾಡಿಸಿದಂತಿತ್ತು. ಲೋಡು ಅದೇ, ಏರು ಅದೇ, ಬದಲಾಗುವುದು ಪೆಟ್ರೋಲು ಮಾತ್ರ. ಒಂದು ಭಾನುವಾರ ಒಂದೇ ತರಹದ ಎರಡು ಕ್ಯಾನು ತಂದೆವು. ಒಂದರಲ್ಲಿ ಕಾಪುವಿನ ಸಾದಾ, ಇನ್ನೊಂದರಲ್ಲಿ ಉಡುಪಿಯ ಸೂಪರ್. ಯಾವುದರಲ್ಲಿ ಯಾವುದು ಎಂದು ಮಾವನಿಗೂ ನನಗೂ ಗೊತ್ತಾಗಬಾರದು. ಕ್ಯಾನುಗಳನ್ನು ತಂಗಿಯ ಕೈಗೆ ಕೊಟ್ಟು ನಾವಿಬ್ಬರೂ ಬೆನ್ನು ತಿರುಗಿಸಿದೆವು. ಅವಳು ಬಲೆಯ ನೂಲಿನ ಎರಡು ತುಂಡು ತಂದು, ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು ಗಂಟು ಹಾಕಿ, ಹಿಡಿಗೆ ಕಟ್ಟಿ ತುಟಿ ಬಿಗಿದುಕೊಂಡು ಕುಳಿತಳು. ಕ್ಯಾನನ್ನು ಕ್ಯಾಬಿನ್ನಿನ ಮೇಲೆ ಬಿಗಿದು ರಬ್ಬರ್ ಪೈಪಿನಿಂದ ಕಾರ್ಬುರೇಟರಿಗೆ ಪೆಟ್ರೋಲು ಇಳಿಸಿದೆವು. ಅಮ್ಮ ನೋಡಿದ್ದರೆ ಅಂದೇ ಲಾರಿ ಗುಜರಿಗೆ ಹೋಗುತ್ತಿತ್ತು. ಮಾವನ ಬೀಡಿಯ ಕಟ್ಟನ್ನು ತಂಗಿ ಕಿತ್ತುಕೊಂಡು ತನ್ನ ಕೈಚೀಲದಲ್ಲಿ ಹಾಕಿಕೊಂಡಳು.

ಒಂದು ಗಂಟಿನ ಕ್ಯಾನಿನಲ್ಲಿ ಹತ್ತಿದಾಗ ಏರಿನ ಅರ್ಧದಲ್ಲೇ ಸದ್ದು ಎದ್ದಿತು. ಮರುವಾಯಿಯ ಕಪ್ಪೆಚಿಪ್ಪುಗಳನ್ನು ಅಲ್ಯೂಮಿನಿಯಂ ಪಾತ್ರೆಗೆ ಹಾಕಿ ಅಲ್ಲಾಡಿಸಿದ ಹಾಗೆ. ಇಳಿದು ಬಂದು, ಎಂಜಿನ್ ತಣಿಯಲು ಬಿಟ್ಟು, ಎರಡು ಗಂಟಿನ ಕ್ಯಾನಿನಲ್ಲಿ ಹತ್ತಿದಾಗ ಸದ್ದಿಲ್ಲ. ಒಂದು ಸಲ ಆದದ್ದನ್ನು ನಾನು ನಂಬುವವನಲ್ಲ. ಮತ್ತೆ ಹತ್ತಿ ಇಳಿದೆವು, ಮತ್ತೆ ಅದೇ ಫಲ.

ತಂಗಿ ಬಾಯಿ ಬಿಡುವ ಮೊದಲು ನಾನು ಮಾವನನ್ನು ಕೇಳಿದೆ. "ಯಾವುದು ಸೂಪರ್?"

"ಒಂದು ಗಂಟಿನದ್ದು. ಅದರಲ್ಲಿ ಸಂಶಯವೇ ಇಲ್ಲ."

"ಹೇಗೆ?"

"ಸದ್ದು ಕೇಳಲಿಲ್ವಾ? ಎಂಜಿನ್ ಒಳಗೆ ಕೆಲಸ ಆಗುತ್ತಾ ಉಂಟು ಅಂತ ಗೊತ್ತಾಗುತ್ತದೆ. ಇನ್ನೊಂದು ಸಪ್ಪೆ."

ತಂಗಿ ನಕ್ಕ ನಗೆಗೆ ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಮಾವ, ನೀವು ಬಲ ಅಂದದ್ದು ಕಾಪುವಿನದ್ದು. ಉಡುಪಿಯದ್ದು ಸಪ್ಪೆ."

ಮಾವ ಕ್ಯಾನಿನ ಎರಡು ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೈ ಚಾಚಿದರು. "ಬೀಡಿ ಕೊಡು. ಪೆಟ್ರೋಲಿನ ವಿಷಯ ಅಳಿಯ ನೋಡಲಿ."

ಈ ಪರೀಕ್ಷೆಯಲ್ಲಿ ಮಾವ ಸೋತರು ಎಂದು ಈಗಲೂ ತಂಗಿ ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಇಬ್ಬರೂ ಸೋತೆವು. ಸೂಪರ್ ಬಲ ಕೊಡುತ್ತದೆ ಎಂಬ ಅವರ ಮಾತು ಬಿತ್ತು, ನಮ್ಮ ಲಾರಿಗೆ ಸೂಪರ್ ಬೇಡ ಎಂಬ ನನ್ನ ಮಾತೂ ಬಿತ್ತು. ಎಂಜಿನ್ ನಿಜವಾಗಿಯೂ ಹೆಚ್ಚಿನ ಆಕ್ಟೇನ್ ಬೇಡುತ್ತಿತ್ತು. ಅಂಥ ಹಳೆಯ ಎಂಜಿನ್ ಅದನ್ನು ಬೇಡಬಾರದಿತ್ತು.

ಸರಿ, ಬೇಡುತ್ತದೆ ಎಂದಾದರೆ ಕೊಟ್ಟರಾಯಿತು ಎನ್ನುವ ಹಾಗೂ ಇರಲಿಲ್ಲ. ಸೂಪರ್ ಸಿಗುವುದು ಉಡುಪಿಯಲ್ಲಿ, ಅದು ಕಾಪುವಿನ ಉತ್ತರಕ್ಕೆ. ಮೀನು ಹೋಗಬೇಕಾದ್ದು ದಕ್ಷಿಣಕ್ಕೆ ಪಡುಬಿದ್ರಿಗೆ, ಅಲ್ಲಿಂದ ಕಾರ್ಕಳಕ್ಕೆ. ಬೆಳಿಗ್ಗೆ ದೋಣಿ ದಡಕ್ಕೆ ಬಂದ ಮೇಲೆ ಉಡುಪಿಗೆ ಹೋಗಿ ಬಂದರೆ ಕಾರ್ಕಳದ ಮಾರ್ಕೆಟಿನ ಹೊತ್ತು ಮೀರುತ್ತಿತ್ತು. ಹಿಂದಿನ ಸಂಜೆ ಹೋದರೆ ದುಬಾರಿ ಸೂಪರಿನ ಒಂದು ಪಾಲು ಆ ಓಡಾಟಕ್ಕೇ ಕರಗುತ್ತಿತ್ತು. ಡ್ರಮ್ಮಿನಲ್ಲಿ ತಂದು ಮನೆಯಲ್ಲಿ ಇಡುವುದಕ್ಕೆ ಅಮ್ಮ ಒಪ್ಪಲಿಲ್ಲ, ಒಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು. ಎಂಜಿನ್ನಿಗೆ ತಕ್ಕ ಆಕ್ಟೇನ್ ಆರಿಸಿಕೊಳ್ಳಿ ಎಂದು ಹೇಳುವವರು ಎದುರಿಗೆ ಎರಡು ಪಂಪು ಇರುವ ಊರಿನವರು. ಒಂದೇ ಪಂಪು ಇರುವ ಊರಿನಲ್ಲಿ ಪ್ರಶ್ನೆಯನ್ನು ತಿರುವಿ ಹಾಕಬೇಕಾಗುತ್ತದೆ. ಪೆಟ್ರೋಲು ಇದೇ, ಎಂಜಿನ್ನನ್ನು ಇದಕ್ಕೆ ಹೊಂದಿಸುವುದು ಹೇಗೆ?

ಅದಕ್ಕೆ ಮೊದಲು ಎಂಜಿನ್ ಯಾಕೆ ಕೆಟ್ಟಿತು ಎಂದು ತಿಳಿಯಬೇಕಿತ್ತು. ಕಿಡಿ ಸ್ವಲ್ಪ ತಡವಾಗಿ ಹೊತ್ತುವ ಹಾಗೆ ಮಾಡಿ ನೋಡಿದೆವು. ಸದ್ದು ತಗ್ಗಿತು, ಅದರ ಜೊತೆಗೆ ಎಂಜಿನ್ ಕುದಿಯತೊಡಗಿತು. ಹಾಗೂ ಹೀಗೂ ಆ ಸೀಸನ್ನಿನ ಉಳಿದ ದಿನಗಳನ್ನು ಕಳೆದೆವು. ಏರು ಬಂದಾಗಲೆಲ್ಲ ಮಾವ ಲಾರಿಯನ್ನು ಗರ್ಭಿಣಿಯನ್ನು ನಡೆಸಿದ ಹಾಗೆ ಹತ್ತಿಸುತ್ತಿದ್ದರು. ಕಾರ್ಕಳಕ್ಕೆ ತಡವಾಗುತ್ತಿತ್ತು. ವ್ಯಾಪಾರಿ ಗಡಿಯಾರ ನೋಡುತ್ತಿದ್ದರು.

ಮಳೆಗಾಲ ಹಿಡಿಯಿತು. ಕಡಲು ಮುಚ್ಚಿತು, ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸಿದರು. ಕೆಲಸವಿಲ್ಲದ ಲಾರಿಯೂ ಮನೆಯ ಮುಂದಿನ ಚಪ್ಪರದಡಿ ನಿಂತಿತು. ಒಂದು ದಿನ ಪಾಠ ಮುಗಿಸಿ ಉಡುಪಿಗೆ ಇಳಿದವನು ಬನ್ನಂಜೆಯ ಲೇತ್ ವರ್ಕ್‌ಶಾಪಿಗೆ ಹೋದೆ. ಅದರ ಯಜಮಾನರು ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಕಡೆ ಅವರ ಸಮುದಾಯದ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ ಎಲ್ಲರೂ ಅವರನ್ನು ಪೊರ್ಬು ಎನ್ನುತ್ತಿದ್ದರು. ಅಂದು ನಾನು ಯಾಕೆ ಹೋದೆ ಎಂಬುದು ನೆನಪಿಲ್ಲ. ಮಾವ ಬರಹೇಳಿದ್ದರು ಎಂದು ತಂಗಿ ಹೇಳುತ್ತಾಳೆ, ಮಳೆಗೆ ನಿಂತೆ ಎಂದು ನನಗೆ ಅನಿಸುತ್ತದೆ. ಒಳಗೆ ಮಾವ ಚಹಾ ಕುಡಿಯುತ್ತ ಕುಳಿತಿದ್ದರು. ಯಂತ್ರದ ಮೇಲೆ ನಮ್ಮ ಲಾರಿಯ ಸಿಲಿಂಡರ್ ಹೆಡ್ಡು ಇತ್ತು. ಸಿಲಿಂಡರುಗಳ ಮೇಲೆ ಕೂರುವ ಭಾರದ ಕಬ್ಬಿಣದ ಮುಚ್ಚಳ ಅದು. ಅದರ ಅಡಿಭಾಗವನ್ನು ಪೊರ್ಬು ಒಂದು ಪದರ ಹೆರೆದು ತೆಗೆಯಲು ಸಿದ್ಧತೆ ಮಾಡುತ್ತಿದ್ದರು.

"ಹೆಡ್ಡು ಬಾಗಿದೆಯಾ?" ಎಂದು ಕೇಳಿದೆ.

"ಇಲ್ಲವಲ್ಲ" ಎಂದರು ಪೊರ್ಬು.

"ಗ್ಯಾಸ್ಕೆಟ್ ಹೋಗಿತ್ತಾ?"

"ಅದೂ ಇಲ್ಲ. ಚೆನ್ನಾಗಿತ್ತು."

"ಮತ್ತೆ ಇದನ್ನು ಯಾಕೆ ತೆಗೆಯುವುದು?"

ಇಬ್ಬರೂ ನನ್ನನ್ನು ನೋಡಿದರು. ನಾನು ಇಷ್ಟು ಓದಿ ಇಂಥದನ್ನು ಕೇಳುತ್ತೇನಲ್ಲ ಎಂಬ ನೋಟ.

"ಮಳೆಗಾಲ ಅಲ್ವಾ" ಎಂದರು ಮಾವ. "ಪ್ರತಿ ವರ್ಷ ತೆಗೆಸುತ್ತೇವೆ. ಹದ ಮಾಡಿ ಇಡುವುದು."

"ಪ್ರತಿ ವರ್ಷ? ಯಾವತ್ತಿನಿಂದ?"

"ಲಾರಿ ಬಂದಂದಿನಿಂದ. ದೋಣಿಯ ಅಡಿ ವರ್ಷ ವರ್ಷ ಕೆರೆಯುವುದಿಲ್ವಾ? ಕೆರೆದು ಮೀನೆಣ್ಣೆ ಹಚ್ಚದೆ ಯಾರಾದರೂ ನೀರಿಗೆ ಇಳಿಸುತ್ತಾರಾ? ಇದು ಎಂತ ಬೇರೆಯಾ?"

ನನಗೆ ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಇದೊಂದು ಕ್ಷಣದ ಬಗ್ಗೆ ನನ್ನ ನೆನಪನ್ನು ನಾನು ಅನುಮಾನಿಸುವುದಿಲ್ಲ. ಹೆಡ್ಡಿನ ಅಡಿಯಲ್ಲಿರುವ ಗುಳಿಗಳೇ ಪೆಟ್ರೋಲು ಉರಿಯುವ ಕೋಣೆ. ಅಡಿಯಿಂದ ಪ್ರತಿ ವರ್ಷ ಒಂದು ಪದರ ತೆಗೆದರೆ ಗುಳಿಗಳು ಪ್ರತಿ ವರ್ಷ ಆಳ ಕಳೆದುಕೊಳ್ಳುತ್ತವೆ. ಕೋಣೆ ಕಿರಿದಾದಷ್ಟೂ ಮಿಶ್ರಣದ ಮೇಲೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಾದಷ್ಟೂ ಹೆಚ್ಚಿನ ಆಕ್ಟೇನ್ ಬೇಕು. ನಮ್ಮ ಮನೆಯವರು ಪ್ರೀತಿಯಿಂದ, ಶ್ರದ್ಧೆಯಿಂದ, ಒಂದು ಮಿಲಿಟರಿ ಲಾರಿಯ ಎಂಜಿನ್ನನ್ನು ವರ್ಷ ವರ್ಷ ಕೆರೆದು ಕಾರಿನ ಎಂಜಿನ್ ಮಾಡಿದ್ದರು. ಪೇಟೆಯ ಯಾವ ಲಾರಿಯವನೂ ಈ ತಪ್ಪು ಮಾಡುತ್ತಿರಲಿಲ್ಲ. ಅವನು ಕೆಡುವವರೆಗೆ ಎಂಜಿನ್ ಬಿಚ್ಚುವುದೇ ಇಲ್ಲ. ವರ್ಷಕ್ಕೊಮ್ಮೆ ದಡಕ್ಕೆ ಎಳೆದು, ಕೆರೆದು, ಎಣ್ಣೆ ಹಚ್ಚಿ ಕಾಪಾಡುವ ಅಭ್ಯಾಸ ಕಡಲಿನವರದು.

"ಮಾವ, ದೋಣಿಯಿಂದ ನೀವು ಕೆರೆಯುವುದು ಕಡಲು ಅಂಟಿಸಿದ್ದನ್ನು. ಹಲಗೆಯನ್ನು ಅಲ್ಲ. ಇಲ್ಲಿ ಹಲಗೆಯನ್ನೇ ಕೆರೆಯುತ್ತಿದ್ದೀರಿ" ಎಂದೆ. ಆಮೇಲೆ ಪೊರ್ಬುಗಳ ಕಡೆ ತಿರುಗಿದೆ. "ನೀವಾದರೂ ಹೇಳಬಾರದಾ?"

"ಮಾಸ್ಟ್ರೇ, ಕೇಳಿದರು, ತೆಗೆದೆ. ಕ್ಷೌರದಂಗಡಿಗೆ ಬಂದವನನ್ನು ನಿನ್ನ ಕೂದಲು ಇನ್ನೂ ಉದ್ದ ಆಗಿಲ್ಲ ಎಂದು ಯಾರಾದರೂ ವಾಪಸು ಕಳಿಸುತ್ತಾರಾ?"

"ಕೂದಲು ಮತ್ತೆ ಬೆಳೆಯುತ್ತದೆ ಪೊರ್ಬುಗಳೇ."

ಪೊರ್ಬು ಯಂತ್ರ ನಿಲ್ಲಿಸಿದರು. ಹೆಡ್ಡನ್ನು ಕೆಳಗಿಳಿಸಿ, ತೋರುಬೆರಳನ್ನು ಒಂದು ಗುಳಿಗೆ ಇಳಿಸಿ ನೋಡಿ, "ಇವರು ಹೇಳುವುದರಲ್ಲಿ ಏನೋ ಉಂಟು ಅಣ್ಣ" ಎಂದು ಮಾವನಿಗೆ ಹೇಳಿದರು. ಮಾವನ ಮುಖ ಮಾತ್ರ ಇಳಿದುಹೋಗಿತ್ತು. ಇಷ್ಟು ವರ್ಷ ಲಾರಿಯನ್ನು ಕಾಪಾಡಿದ್ದು ತಾನು ಎಂದುಕೊಂಡಿದ್ದವರು ಅವರು.

ನನ್ನ ಊಹೆಗೆ ಪುರಾವೆ ಬೇಕಿತ್ತು. ವರ್ಕ್‌ಶಾಪಿನ ಹಿಂಬದಿಯ ರಾಶಿಯಲ್ಲಿ ಅದೇ ಜಾತಿಯ ಲಾರಿಯ ಒಂದು ಹೆಡ್ಡು ಬಿದ್ದಿತ್ತು. ಬಿರುಕು ಬಿಟ್ಟು ಪ್ರಯೋಜನಕ್ಕಿಲ್ಲವಾಗಿದ್ದರೂ ಅದನ್ನು ಯಾರೂ ಒಮ್ಮೆಯೂ ಕೆರೆದಿರಲಿಲ್ಲ. ನಾನು ಮಣಿಪಾಲದಿಂದ ಒಂದು ಅಳತೆಯ ಗಾಜಿನ ನಳಿಗೆ ತಂದೆ. ಹೆಡ್ಡನ್ನು ಗುಳಿ ಮೇಲಾಗುವಂತೆ ಮಗುಚಿ, ಗುಳಿಯ ಬಾಯಿಗೆ ಗ್ರೀಸು ಸವರಿ, ತೂತಿರುವ ಗಾಜಿನ ಹಲಗೆ ಮುಚ್ಚಿ, ತೂತಿನಿಂದ ಸೀಮೆಎಣ್ಣೆ ತುಂಬಿಸಿದೆ. ಬಿರುಕಿನ ಹೆಡ್ಡಿನ ಗುಳಿ ಎಷ್ಟು ಕುಡಿಯುತ್ತದೆ, ನಮ್ಮದು ಎಷ್ಟು ಕುಡಿಯುತ್ತದೆ. ವ್ಯತ್ಯಾಸ ಕಣ್ಣಿಗೇ ಕಾಣುವಷ್ಟಿತ್ತು. ಅದರ ಅಂಕಿ ಎಂದು ನನ್ನ ತಲೆಯಲ್ಲಿ ಎರಡು ಸಂಖ್ಯೆಗಳು ಉಳಿದಿವೆ, ಎರಡನ್ನೂ ನಾನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ಕಳೆದ ಕಬ್ಬಿಣವನ್ನು ಮತ್ತೆ ಅಂಟಿಸುವಂತಿಲ್ಲ. ಆದರೆ ಹೆಡ್ಡನ್ನು ಕಳೆದಷ್ಟೇ ಮೇಲಕ್ಕೆ ಎತ್ತಿ ಕೂರಿಸಬಹುದು. ಹೆಡ್ಡಿಗೂ ಸಿಲಿಂಡರುಗಳಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನ ಆಕಾರಕ್ಕೆ ಒಂದು ತಾಮ್ರದ ತಗಡು ಕತ್ತರಿಸಿ, ಅದರ ಕೆಳಗೊಂದು ಮೇಲೊಂದು ಗ್ಯಾಸ್ಕೆಟ್ ಇಟ್ಟು ಬಿಗಿದರೆ ಕೋಣೆ ಮತ್ತೆ ಹಳೆಯ ಅಳತೆಗೆ ಬರುತ್ತದೆ. ಈ ತಗಡಿನ ಯೋಚನೆ ನನ್ನದು ಎಂದು ಎಷ್ಟೋ ಕಡೆ ಹೇಳಿದ್ದೇನೆ. ಪೊರ್ಬುಗಳದ್ದು ಎಂದು ತಂಗಿ ಹೇಳುತ್ತಾಳೆ. ತಗಡಿನ ದಪ್ಪ ಎಷ್ಟಿರಬೇಕೆಂದು ಲೆಕ್ಕ ಹಾಕಿದ್ದು ನಾನು, ಕತ್ತರಿಸಿದ್ದು ಪೊರ್ಬು. ಅದರಲ್ಲಿ ತಕರಾರಿಲ್ಲ.

ತಕರಾರು ಬಂದದ್ದು ಅಮ್ಮನಿಂದ.

"ಈ ವರ್ಷ ಹೆಡ್ಡು ಕೆರೆಸುವುದಿಲ್ಲವಂತೆ?" ಎಂದು ನನ್ನನ್ನು ಕೇಳಿದಳು. "ಕೆಲಸ ತಪ್ಪಿಸಲಿಕ್ಕೆ ನಿನ್ನ ಮಾವ ಹೇಳಿಕೊಟ್ಟನಾ?"

"ಕೆರೆದು ಕೆರೆದೇ ಪಿಸ್ಟನ್ ಹೋದದ್ದು ಅಮ್ಮ."

"ಕೆರೆಯದ ದೋಣಿಗೆ ಏನಾಗುತ್ತದೆ ಗೊತ್ತುಂಟಾ ನಿನಗೆ? ನೀನು ಮೈಸೂರಿನಲ್ಲಿದ್ದವ."

"ಕೆರೆಯಲಿ. ಮಸಿ ಮಾತ್ರ ಕೆರೆಯಲಿ, ಕಬ್ಬಿಣ ಬೇಡ."

ಇದು ಅಮ್ಮನಿಗೂ ಹಿಡಿಸಿತು, ಮಾವನಿಗೂ ಹಿಡಿಸಿತು. ಉರಿಯುವ ಕೋಣೆಯಲ್ಲಿ ಕಟ್ಟುವ ಮಸಿಯೂ ಸದ್ದಿಗೆ ಕಾರಣವಾಗುತ್ತದೆ, ಅದನ್ನು ವರ್ಷಕ್ಕೊಮ್ಮೆ ತೆಗೆಯುವುದು ಒಳ್ಳೆಯದೇ. ಮಾವ ಜಗಲಿಯಲ್ಲಿ ಕಾಲು ಚಾಚಿ, ಹೆಡ್ಡನ್ನು ತೊಡೆಯ ನಡುವೆ ಇಟ್ಟುಕೊಂಡು, ಗಟ್ಟಿ ಮರದ ಚೂರಿನಿಂದ ಹಗಲಿಡೀ ಮಸಿ ಕೆರೆದರು. ಮಳೆಯಲ್ಲಿ ಮಾತಾಡಲು ಬಂದ ತಂಡೇಲರೊಬ್ಬರು ಅದನ್ನು ನೋಡಿ, "ಎಂತ, ದೋಣಿ ಸಣ್ಣದಾಯಿತಲ್ಲ" ಎಂದು ಕೇಳಿದರು.

"ಇದು ಕಾರ್ಕಳಕ್ಕೆ ಹೋಗುವ ದೋಣಿ. ನಿಮ್ಮದು ಅಲ್ಲಿಗೆ ಹೋಗುವುದಿಲ್ಲ" ಎಂದರು ಮಾವ. ಅವರ ಮುಖ ಮೊದಲಿನ ಹಾಗಾಗಿತ್ತು.

ಅಮ್ಮ ಮಾತ್ರ ತನ್ನ ತೀರ್ಪನ್ನು ಸಡಿಲಿಸಲಿಲ್ಲ. ಪಿಸ್ಟನ್ ಹೋದರೆ ಲಾರಿ ಹೋಗುತ್ತದೆ, ನನ್ನ ಮಗ ಹೇಳಿದ್ದು ಎಂದು ಬಿಡುವುದಿಲ್ಲ ಎಂದಳು. ನಾನು ಒಪ್ಪಿದೆ. ನನಗೆ ಹೆದರಿಕೆ ಆಗಲಿಲ್ಲ. ಲೆಕ್ಕ ಸರಿಯಾಗಿತ್ತು.

ಕಡಲು ತೆರೆಯಿತು. ಕಾಪುವಿನ ಬಂಕಿನ ಸಾದಾ ಪೆಟ್ರೋಲು ತುಂಬಿಸಿಕೊಂಡು ಲಾರಿ ಹೊರಟಿತು. ಮೊದಲ ಲೋಡಿನ ದಿನ ನಾನು ಮಾವನ ಪಕ್ಕದಲ್ಲಿದ್ದೆ. ಇದಕ್ಕೆ ತಂಗಿಯ ಆಕ್ಷೇಪವಿಲ್ಲ, ಏಕೆಂದರೆ ಅಂದು ರಜೆ ಹಾಕಿದ್ದಕ್ಕೆ ಕಾಲೇಜಿನಲ್ಲಿ ನಾನು ಬೈಗುಳ ಕೇಳಬೇಕಾಗಿ ಬಂದದ್ದು ಅವಳಿಗೆ ನೆನಪಿದೆ. ಬೆಳ್ಮಣ್ ದಾಟಿತು, ಏರು ಬಂತು, ಮಾವ ಗೇರು ಇಳಿಸಿದರು. ನಾನು ಮುಂದಕ್ಕೆ ಬಾಗಿ ಕಿವಿಗೊಟ್ಟೆ. ಎಂಜಿನ್ನಿನ ಗುರುಗುರು, ಟಯರಿನ ಸದ್ದು, ಹಗ್ಗದ ಕಿರುಗುಟ್ಟುವಿಕೆ. ಅಷ್ಟೇ.

"ಎಂತದು, ಎಂಜಿನ್ ಉಂಟಾ ಇಲ್ವಾ?" ಎಂದರು ಮಾವ.

"ಬಲ ಹೇಗುಂಟು?"

"ಒಂದು ಚೂರು ಕಡಿಮೆ. ಗೇರು ಸ್ವಲ್ಪ ಮೊದಲೇ ಇಳಿಸಬೇಕು." ಅದು ನಿಜ, ಒತ್ತಡ ಕಡಿಮೆಯಾದರೆ ಹಾಗಾಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು, "ಇರಲಿ. ಹೀಗೆ ಹೋದರೆ ಗಾಡಿಯನ್ನು ಹೊಡೆಯಬಹುದು. ಹೆದರುತ್ತಾ ಹೋಗುವುದು ಬೇಡ."

ಕಾರ್ಕಳದಲ್ಲಿ ಮಾರ್ಕೆಟು ತುಂಬುವ ಮೊದಲೇ ನಾವು ಮುಟ್ಟಿದ್ದೆವು. ವ್ಯಾಪಾರಿ ಬುಟ್ಟಿ ಇಳಿಸಲು ಆಳುಗಳನ್ನು ಕರೆದರು. ಅಮ್ಮನ ತೀರ್ಪು ಜಾರಿಗೆ ಬರಲೇ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಮಾವನೇ ತಾವಾಗಿ ಆ ಲಾರಿಯನ್ನು ಮಾರಿ ಡೀಸೆಲಿನದೊಂದನ್ನು ತಂದರು. ಅಲ್ಲಿಯವರೆಗೆ ಇನ್ನೊಂದು ಪಿಸ್ಟನ್ ಹೋಗಲಿಲ್ಲ. ಮಾವ ಸಾಯುವವರೆಗೂ ಕಡಲಿಗೆ ಕಾಲಿಡಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಮಾವ ತೀರಿಕೊಂಡ ಎಷ್ಟೋ ಸಮಯದ ನಂತರ ನಾನು ಇದನ್ನು ಮನೆಯ ಮಕ್ಕಳಿಗೆ ಹೇಳುತ್ತಿದ್ದೆ. ತಾಮ್ರದ ತಗಡಿನ ಹತ್ತಿರ ಬಂದಾಗ ತಂಗಿ ಅಡುಗೆಮನೆಯಿಂದ ಹೊರಗೆ ಬಂದಳು.

"ಅಣ್ಣ, ಒಂದು ವಿಷಯ ಹೇಳುತ್ತೇನೆ, ಬೇಸರ ಮಾಡಬೇಡ. ಮಾವ ಆಮೇಲೆ ಹಾಕುತ್ತಿದ್ದದ್ದು ಉಡುಪಿಯ ಸೂಪರ್."

"ಯಾರು ಹೇಳಿದ್ದು?"

"ಅವರೇ. ‘ಅಳಿಯನ ತಗಡು ಅಳಿಯನ ಸಮಾಧಾನಕ್ಕೆ, ನನ್ನ ಸಮಾಧಾನಕ್ಕೆ ಸೂಪರ್’ ಅಂತ ನಗಾಡಿದ್ದರು."

ತಮಾಷೆಗೆ ಹೇಳಿರಬಹುದು ಎಂದು ನಾನಂದೆ. ಇರಬಹುದು ಎಂದು ಅವಳು ಒಳಗೆ ಹೋದಳು. ನನಗೆ ಮಾತ್ರ ಆ ವಾರ ನೆಮ್ಮದಿ ಇರಲಿಲ್ಲ. ಮೊದಲ ದಿನದ ಒಂದು ಏರನ್ನು ಬಿಟ್ಟರೆ ನನ್ನ ಬಳಿ ಪುರಾವೆ ಎಂದು ಇದ್ದದ್ದು ಆಮೇಲಿನ ವರ್ಷಗಳು. ಮಾವ ಗುಟ್ಟಾಗಿ ಸೂಪರ್ ಹಾಕಿಸಿಕೊಂಡಿದ್ದರೆ ಪಿಸ್ಟನ್ ಉಳಿದದ್ದಕ್ಕೆ ಕಾರಣ ಅದೇ. ಅದಕ್ಕಿಂತಲೂ ಹೆಚ್ಚಾಗಿ, ಪರೀಕ್ಷೆಯ ದಿನ "ಪೆಟ್ರೋಲಿನ ವಿಷಯ ಅಳಿಯ ನೋಡಲಿ" ಎಂದ ಮನುಷ್ಯ ತನ್ನ ಬದುಕಿನ ಆಧಾರವಾಗಿದ್ದ ಲಾರಿಯನ್ನು ನನ್ನ ಲೆಕ್ಕಕ್ಕೆ ಒಪ್ಪಿಸಿದ್ದರೋ ಇಲ್ಲವೋ ಎಂಬುದು ನನಗೆ ತಿಳಿಯಬೇಕಿತ್ತು.

ಕಾಪುವಿನ ಬಂಕಿಗೆ ಹೋದೆ. ಆಗ ಪಂಪು ಹೊಡೆಯುತ್ತಿದ್ದವರು ಈಗ ಮುದುಕರು, ಸಂಜೆ ಹೊತ್ತು ಅಲ್ಲೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಮಾವನ ಹೆಸರು ಹೇಳಿದೆ, ತಗಡಿನ ವಿಷಯ ಎತ್ತಲಿಲ್ಲ. ಅವರ ಉತ್ತರವನ್ನು ನನ್ನ ಬಾಯಿಯಿಂದ ಅವರ ಬಾಯಿಗೆ ಇಡಲು ನನಗೆ ಮನಸ್ಸಿರಲಿಲ್ಲ.

"ಆ ಮೂತಿ ಲಾರಿಯಾ? ಮರೆಯುವುದು ಹೇಗೆ ಮಾರಾಯ್ರೆ. ಲೋಡು ಮಾಡಿಕೊಂಡೇ ಬರುವುದು, ಮಂಜುಗಡ್ಡೆಯ ನೀರೆಲ್ಲ ನಮ್ಮ ಪಂಪಿನ ಬುಡಕ್ಕೆ. ದಿನಾ ಬೈಯುತ್ತಿದ್ದೆ. ದಿನಾ ನಗುತ್ತಿದ್ದರು."

"ದಿನಾ ಬರುತ್ತಿದ್ದರಾ?"

"ಮೀನಿದ್ದ ದಿನ ತಪ್ಪಿದ್ದಿಲ್ಲ. ಟ್ಯಾಂಕಿಯ ಬಾಯಿವರೆಗೆ. ಪ್ರತಿ ಸಲ ಕಾರ್ಕಳಕ್ಕೆ ಹೋಗಿ ಬಂದಷ್ಟು ಪೆಟ್ರೋಲು ಹಿಡಿಯುತ್ತಿತ್ತು."

"ಕೊನೆಯವರೆಗೂ?"

"ಡೀಸೆಲಿನದ್ದು ತರುವವರೆಗೂ. ಆಗ ನಮ್ಮಲ್ಲಿ ಸಾದಾ ಬಿಟ್ಟರೆ ಬೇರೆ ಇರಲೂ ಇಲ್ಲ."

ಒಬ್ಬ ಮುದುಕರ ನೆನಪು ನನ್ನ ನೆನಪಿಗಿಂತ ಮೇಲು ಎಂದು ಭಾವಿಸಲು ಕಾರಣವಿಲ್ಲ. ಆ ವರ್ಷಗಳಲ್ಲಿ ಮಾವನ ಜೊತೆ ಬುಟ್ಟಿ ಹೇರುತ್ತಿದ್ದ ಒಬ್ಬರು ಈಗ ಪಡುಬಿದ್ರಿಯಲ್ಲಿದ್ದಾರೆ. ಅವರನ್ನೂ ಬೇರೆಯಾಗಿ ಹೋಗಿ ಕೇಳಿದೆ. ಲಾರಿ ಮೀನಿನ ದಿನಗಳಲ್ಲಿ ಉಡುಪಿಯ ಕಡೆ ತಿರುಗಿದ್ದೇ ಇಲ್ಲ ಎಂದರು. ಟ್ಯಾಂಕಿಯ ಹೊರತು ಬೇರೆ ಡ್ರಮ್ಮು, ಕ್ಯಾನು ಏನನ್ನೂ ಅವರು ಲಾರಿಯಲ್ಲಿ ಕಂಡಿರಲಿಲ್ಲ. ತಗಡು ಹಾಕಿದ ದಿನದಿಂದ ಮಾರಿದ ದಿನದವರೆಗೆ ಆ ಲಾರಿ ಕಾರ್ಕಳದ ಏರು ಹತ್ತಿದ್ದು ಕಾಪುವಿನ ಬಂಕಿನ ಸಾದಾ ಪೆಟ್ರೋಲಿನಲ್ಲಿ.